ಜೇಬಿನಲ್ಲೊಂದು ಹಾಡಿನ ಡಬ್ಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಲೋಕಲ್ ಟ್ರೇನಿನಲ್ಲಿ ಹೋಗಿ ಬರುವವನು ನಾನು. ಕೈಯಲ್ಲಿ ಮೊಬೈಲ್ ಅಲ್ಲದ, ಹಾಡು ಕೇಳುವ ಪುಟ್ಟ ಪ್ಲೇಯರ್ ಕಂಡರೆ ಪಕ್ಕದ ಸೀಟಿನವರು ಸುಮ್ಮನಿರುವುದಿಲ್ಲ. ಮಾಟುಂಗದಲ್ಲಿ ನಮ್ಮವರ ಕಾರ್ಯಕ್ರಮಕ್ಕೆ ಹೋದರೂ ಅಷ್ಟೇ. ಊರಿಂದ ಫೋನ್ ಮಾಡುವವರು, ಮೆಸೇಜ್ ಕಳಿಸುವವರು ಕೂಡ ಅದದೇ ಕೇಳುತ್ತಾರೆ. ಹೇಳಿ ಹೇಳಿ ಬಾಯಿಪಾಠವಾದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಹತ್ತಿರ ಇರುವುದು ಎರಡು. ಒಂದು, 2008ರಲ್ಲಿ ಬಾವ ದುಬೈಯಿಂದ ತಂದುಕೊಟ್ಟ 30 ಜಿಬಿ ಹಾರ್ಡ್ ಡಿಸ್ಕ್ ಪ್ಲೇಯರ್. ಹಾಡೂ ಬರುತ್ತದೆ, ವಿಡಿಯೊವೂ ಬರುತ್ತದೆ. ಇನ್ನೊಂದು ಬೆರಳುದ್ದದ್ದು, ಮೆಮೊರಿ ಕಾರ್ಡ್ ಹಾಕುವಂಥದ್ದು. ಅದು ಹೆಂಡತಿಯ ವಾಕಿಂಗ್‌ಗೆ. ಎರಡರಿಂದಲೂ ಸಾಕಷ್ಟು ಪಾಡು ಪಟ್ಟಿದ್ದೇನೆ, ಹಾಗಾಗಿ ಕಂಪನಿ ಹೆಸರು ಬೇಡ.

## ಮೊದಲು ಕೇಳುವವು

ಮೊಬೈಲ್ ಇದೆಯಲ್ಲ, ಮತ್ತೆ ಇದೆಂಥಕ್ಕೆ ಮಾರಾಯ್ರೆ?

ನೂರು ಸಲ ಕೇಳಿದ ಪ್ರಶ್ನೆ. ನೂರು ಸಲವೂ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವಾದ ಕಾರಣ ಎರಡೇ.

ಮೊದಲನೆಯದು: ಮೊಬೈಲ್‌ನಲ್ಲಿ ಹಾಡು ಕೇಳುವಾಗ ಯಾರಾದರೂ ನಡುವೆ ಬರುತ್ತಾರೆ. ಆಫೀಸಿನ ಫೋನ್, ಸೊಸೈಟಿ ಗ್ರೂಪಿನ ನೀರಿನ ಸುದ್ದಿ, ಬ್ಯಾಂಕಿನ ಮೆಸೇಜ್. ಯಕ್ಷಗಾನದ ಭಾಗವತರು ಆಲಾಪ ಎತ್ತಿದ ಹೊತ್ತಿಗೆ ಸರಿಯಾಗಿ ಟಿಂಗ್ ಅನ್ನುತ್ತದೆ. ಈ ಡಬ್ಬಿಗೆ ಯಾರೂ ಫೋನ್ ಮಾಡುವ ಹಾಗಿಲ್ಲ.

ಎರಡನೆಯದು: ಇದರಲ್ಲಿರುವ ಅರ್ಧಕ್ಕರ್ಧ ಧ್ವನಿ ಬೇರೆಲ್ಲೂ ಇಲ್ಲ. ಅಪ್ಪ ಟೂ-ಇನ್-ಒನ್‌ನಲ್ಲಿ (ರೇಡಿಯೊ, ಟೇಪ್ ಎರಡೂ ಇರುವುದು) ರೆಕಾರ್ಡ್ ಮಾಡಿದ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಅಜ್ಜಿಯ ಹಸೆ ಹಾಡು. ಯಾವ ಆ್ಯಪ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊಬೈಲ್‌ಗೂ ಹಾಕಬಹುದಿತ್ತಲ್ಲ ಅನ್ನುತ್ತೀರಿ. ಹಾಕಿದ್ದೆ. ಎರಡು ವರ್ಷಕ್ಕೊಮ್ಮೆ ಮೊಬೈಲ್ ಬದಲಾದಾಗ ಒಂದಿಷ್ಟು ಕಳೆದುಹೋಗುತ್ತಿತ್ತು. ಡಬ್ಬಿ ಮಾತ್ರ ಇದ್ದ ಹಾಗೇ ಇದೆ.

ಆಗೆಲ್ಲ ನಮ್ಮ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿತ್ತು. ಸುಮಾರು 1.3 ಕಿಲೋಮೀಟರ್ ಉದ್ದ, 1916ರದ್ದು. ಒಳಗೆ ಹೊಕ್ಕ ಕೂಡಲೇ ಟ್ರೇನಿನ ಡಬ್ಬದವರ ಫೋನ್ ಮಾತೆಲ್ಲ "ಹಲೋ, ಹಲೋ"ಗೆ ಬಂದು ನಿಲ್ಲುತ್ತಿತ್ತು. ನನ್ನ ಹಾಡು ನಿಲ್ಲುತ್ತಿರಲಿಲ್ಲ. ಆ ಸಣ್ಣ ಜಂಬ ಇನ್ನೂ ಇಳಿದಿಲ್ಲ.

ಇದು ಎಂಪಿ3 ಪ್ಲೇಯರಾ, ಎಂಪಿ4 ಪ್ಲೇಯರಾ?

ಬಜಾರಿನಲ್ಲಿ ಹಾಡು ಮಾತ್ರ ಬಂದರೆ ಎಂಪಿ3, ವಿಡಿಯೊ ಬಂದರೆ ಎಂಪಿ4. ಇನ್ನೂ ಜೋರು ಅಂಗಡಿಯವನಾದರೆ "ಎಂಪಿ5 ಇದೆ ಸಾಬ್" ಅನ್ನುತ್ತಾನೆ. ಅಂಥ ಮಾನದಂಡವೇ ಇಲ್ಲ, ಅದು ಬರೀ ಮಾರುವ ಹೆಸರು.

ಎಂಪಿ3 ಅಂದರೆ ಧ್ವನಿಯನ್ನು ಹಿಂಡಿ ಸಣ್ಣದು ಮಾಡುವ ಒಂದು ಬಗೆ. ಎಂಪಿ4 ಅನ್ನುವುದು ಒಂದು ಬುತ್ತಿ ಇದ್ದ ಹಾಗೆ. ಒಳಗೆ ಚಿತ್ರ ಇರಬಹುದು, ಧ್ವನಿ ಇರಬಹುದು, ಎರಡೂ ಇರಬಹುದು. ಮೂರು ಆದ ಮೇಲೆ ನಾಲ್ಕು ಬಂತು ಅಂತ ಅಲ್ಲ. ಬುತ್ತಿ ತೆರೆಯಲು ಬಂದ ಮಾತ್ರಕ್ಕೆ ಒಳಗಿನದ್ದು ಜೀರ್ಣವಾಗುತ್ತದೆ ಅಂತಲೂ ಅಲ್ಲ. ಆ ಕಥೆ ಕೆಳಗೆ ವಿಡಿಯೊ ಪ್ರಶ್ನೆಯಲ್ಲಿದೆ.

ಈಗಲೂ ಹೊಸದು ಸಿಗುತ್ತಾ, ನಿಂತುಹೋಯ್ತಲ್ಲ?

ನಿಂತದ್ದು ಆಪಲ್ ಕಂಪನಿಯ ಐಪಾಡ್. ಮೊದಲನೆಯದು ಬಂದದ್ದು 2001ರ ಅಕ್ಟೋಬರ್‌ನಲ್ಲಿ, 5 ಜಿಬಿ. ವಿಡಿಯೊ ಬರುವಂಥದ್ದು 2005ರಲ್ಲಿ. ಹಾರ್ಡ್ ಡಿಸ್ಕ್ ಇದ್ದ ಕ್ಲಾಸಿಕ್ 2014ರಲ್ಲಿ ನಿಂತಿತು. ಕೊನೆಗೆ ಉಳಿದಿದ್ದ ಟಚ್ ಕೂಡ 2022ರ ಮೇ ತಿಂಗಳಲ್ಲಿ ನಿಂತಿತು. ಅದಕ್ಕೇ ಎಲ್ಲರೂ ಈ ಜಾತಿಯೇ ಅಳಿಯಿತು ಅಂದುಕೊಂಡಿದ್ದಾರೆ.

ಹಾಗೇನಿಲ್ಲ. ಸೋನಿಯವರು ವಾಕ್‌ಮನ್ ಹೆಸರಿನಲ್ಲೇ ಡಿಜಿಟಲ್ ಪ್ಲೇಯರ್ ತರುತ್ತಲೇ ಇದ್ದಾರೆ. ಫಿಯೋದಂಥ ಚೀನಾ ಕಂಪನಿಗಳೂ ಇವೆ. ಆದರೆ ಇವೆಲ್ಲ ಈಗ ಸಂಗೀತದ ಹುಚ್ಚಿನವರ ಮಾಲು, ಬೆಲೆಯೂ ಅದಕ್ಕೆ ತಕ್ಕ ಹಾಗೆ. ನಡುವಿನ ಬೆಲೆಯ, ಮನೆಮಂದಿಗೆಲ್ಲ ಆಗುವ ಪ್ಲೇಯರ್ ಕಡಿಮೆಯಾಗಿದೆ. ಆ ಜಾಗ ಮೊಬೈಲ್ ನುಂಗಿತು.

ಎಷ್ಟು ಹಾಡು ಹಿಡಿಯುತ್ತೆ?

128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಆದರೆ ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಎಂಬಿ. ಐದು ನಿಮಿಷದ ಹಾಡು ಐದು ಎಂಬಿ. ನಾನು ಲೆಕ್ಕ ಹಾಕುವುದು ಬೇರೆ ಥರ. ಇಡೀ ರಾತ್ರಿಯ ಯಕ್ಷಗಾನದ ಆಟ ಎಂಟು ಗಂಟೆ ಅಂತಿಟ್ಟುಕೊಂಡರೆ 460 ಎಂಬಿ. ಅಂದರೆ 30 ಜಿಬಿಯಲ್ಲಿ ಸುಮಾರು ಅರವತ್ತು ರಾತ್ರಿ ಹಿಡಿಯುತ್ತದೆ. ಎರಡು ತಿಂಗಳು ನಿದ್ದೆಗೆಡಬಹುದು.

ಅಂದ ಹಾಗೆ 30 ಜಿಬಿ ಅಂತ ಬರೆದದ್ದು ಕಂಪ್ಯೂಟರ್‌ನಲ್ಲಿ 27.9 ಅಂತ ಕಾಣುತ್ತದೆ. ಮೋಸ ಅಲ್ಲ. ಕಂಪನಿಯವರು ಸಾವಿರದಿಂದ ಗುಣಿಸುತ್ತಾರೆ, ಕಂಪ್ಯೂಟರ್ 1,024ರಿಂದ ಎಣಿಸುತ್ತದೆ.

## ಕೊಳ್ಳುವ ಮುಂಚೆ

ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಏನೇನು ನೋಡ್ಬೇಕು?

ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು ಅದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಜೊತೆಗೆ ನಿಮ್ಮದೇ ಇಯರ್‌ಫೋನ್ ಮತ್ತು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಇರಲಿ. ಅಂಗಡಿಯವನ ಇಯರ್‌ಫೋನ್‌ನಲ್ಲಿ, ಅವನ ಧಡಂಧಡಂ ಹಾಡಿನಲ್ಲಿ ಎಲ್ಲ ಪ್ಲೇಯರೂ ಚೆನ್ನಾಗೇ ಕೇಳಿಸುತ್ತದೆ.

ಮೊದಲು ಇಯರ್‌ಫೋನ್ ಚುಚ್ಚಿ ಪಿನ್ನನ್ನು ಬೆರಳಿನಲ್ಲಿ ಮೆಲ್ಲ ತಿರುಗಿಸಿ. ಕರಕರ ಅಂದರೆ, ಒಂದು ಕಿವಿ ಹೋಗಿ ಬಂದು ಮಾಡಿದರೆ ಜ್ಯಾಕ್ ಸಡಿಲ. ಆಮೇಲೆ ಹಾರ್ಡ್ ಡಿಸ್ಕ್ ಪ್ಲೇಯರ್ ಆದರೆ ಕಿವಿಗೆ ಒತ್ತಿ ಹಿಡಿಯಿರಿ. ಒಳಗೆ ಸಣ್ಣಗೆ ಜುಂಯ್ ಅಂದರೆ ಸರಿ. ಗಡಿಯಾರದ ಹಾಗೆ ಟಕ್ ಟಕ್ ಟಕ್ ಅಂದರೆ ಅಲ್ಲೇ ವಾಪಸ್ ಕೊಡಿ. ಬಟನ್‌ಗಳನ್ನು ಲಾಕ್ ಮಾಡುವ ಹೋಲ್ಡ್ ಸ್ವಿಚ್ ಒಮ್ಮೆ ಆಚೆ ಈಚೆ ಮಾಡಿ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಹಿಂಬದಿ ಮತ್ತು ಸ್ಕ್ರೀನ್ ಸೇರುವ ಗೆರೆ ನೋಡಿ. ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಬಿಡಿಸಿದ ಗುರುತು ಇದ್ದರೆ ಹೆದರಬೇಡಿ, ಯಾರು ಬಿಚ್ಚಿದ್ದು, ಏನು ಹಾಕಿದ್ದು ಅಂತ ಕೇಳಿ. ಗೊತ್ತಿರುವವನು ಬ್ಯಾಟರಿ ಬದಲಿಸಿದ್ದರೆ ಅದು ಒಳ್ಳೆಯದೇ.

ಚಾರ್ಜ್ ಎಷ್ಟು ಹೊತ್ತು ಬರುತ್ತದೆ ಅಂತ ಅಂಗಡಿಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಒಂದೇ ಉಪಾಯ. ಒಂದು ವಿಡಿಯೊ ಹಾಕಿ ಪೂರ್ತಿ ಬೆಳಕು ಕೊಟ್ಟು, ಎದುರಿನ ಗಾಡಿಯಲ್ಲಿ ಕಟಿಂಗ್ ಚಾ ಕುಡಿದು ಬನ್ನಿ. ಹತ್ತು ನಿಮಿಷದಲ್ಲಿ ಕಾಲು ಭಾಗ ಇಳಿದಿದ್ದರೆ ಬ್ಯಾಟರಿ ಖರ್ಚು ಸೇರಿಸಿ ಚೌಕಾಶಿ ಮಾಡಿ.

ಚಾರ್ಜಿಂಗ್ ವಯರ್ ಕೇಳಿ ತೆಗೆದುಕೊಳ್ಳಿ. ಹಳೆಯ ಪ್ಲೇಯರ್‌ಗಳಲ್ಲಿ ಕಂಪನಿಗೊಂದು ಬಗೆಯ ಪಿನ್. ಐಪಾಡ್‌ಗೆ ಅಗಲದ 30 ಪಿನ್ನಿನದ್ದು. ನನ್ನ ಗೆಳೆಯನೊಬ್ಬ ಪ್ಲೇಯರ್ ಅಗ್ಗಕ್ಕೆ ತಂದು, ಅದರ ವಯರ್‌ಗಾಗಿ ಮೂರು ಶನಿವಾರ ಅಲೆದ.

ಫುಟ್‌ಪಾತ್‌ನಲ್ಲಿ 16 ಜಿಬಿ ಅಂತ ಅಗ್ಗಕ್ಕೆ ಕೊಟ್ಟ. ಸ್ವಲ್ಪ ಹಾಡು ಹಾಕಿದ ಮೇಲೆ ಹಿಂದಿನದ್ದೆಲ್ಲ ಕೆಡುತ್ತೆ. ವೈರಸ್ಸಾ?

ವೈರಸ್ ಅಲ್ಲ, ಟೋಪಿ. ನಾನೂ ಹಾಕಿಸಿಕೊಂಡಿದ್ದೇನೆ, ಸ್ಟೇಷನ್ ಹೊರಗಿನ ಒಂದು ಗಾಡಿಯಲ್ಲಿ.

ಒಳಗೆ ಇರುವುದು ಒಂದೋ ಎರಡೋ ಜಿಬಿ ಚಿಪ್. ಅದರ ಬುದ್ಧಿಗೆ "ನೀನು 16 ಅಂತ ಹೇಳು" ಅಂತ ಕಲಿಸಿಟ್ಟಿರುತ್ತಾರೆ. ಕಂಪ್ಯೂಟರ್ ಅದನ್ನು ನಂಬುತ್ತದೆ. ಜಾಗ ಮುಗಿದ ಮೇಲೂ ಬರೆಯುತ್ತಾ ಹೋದರೆ ಹೊಸದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲ ಗಾಳಿಗೆ ಹೋಗುತ್ತದೆ. ಹೆಸರು ಪಟ್ಟಿಯಲ್ಲಿರುತ್ತದೆ, ಹಾಡು ಇರುವುದಿಲ್ಲ.

ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಪ್ರೋಗ್ರಾಂ ಇದೆ. ಲಿನಕ್ಸ್, ಮ್ಯಾಕ್‌ಗೆ ಎಫ್3. ಖಾಲಿ ಜಾಗವನ್ನೆಲ್ಲ ತುಂಬಿಸಿ, ಮತ್ತೆ ಓದಿ, ಎಷ್ಟು ನಿಜ ಅಂತ ಹೇಳುತ್ತದೆ. ಮೆಮೊರಿ ಕಾರ್ಡ್ ತಂದಾಗಲೂ ಇದನ್ನೇ ಮಾಡಿ. ನನ್ನ "16"ರಲ್ಲಿ ನಿಜವಾಗಿ ಇದ್ದದ್ದು ಎರಡಕ್ಕಿಂತ ಕಡಿಮೆ. ಗಾಡಿಯವನನ್ನು ಹುಡುಕಿಕೊಂಡು ಹೋದೆ. ಆ ಜಾಗದಲ್ಲಿ ಒಬ್ಬ ಕೊಡೆ ಮಾರುತ್ತಿದ್ದ.

## ದಿನದ ಬಳಕೆ

ಟ್ರೇನಿನ ಗದ್ದಲದಲ್ಲಿ ಕೇಳ್ಸುತ್ತಾ? ಕಿವಿ ಹಾಳಾಗಲ್ವಾ?

ಹಾಳಾಗುವುದು ಪ್ಲೇಯರ್‌ನಿಂದ ಅಲ್ಲ, ಗದ್ದಲ ಗೆಲ್ಲಲು ಸೌಂಡ್ ಏರಿಸುವುದರಿಂದ. ಕಿವಿಯ ಹೊರಗೆ ನೇತಾಡುವ ಇಯರ್‌ಫೋನ್ ಹಾಕಿದರೆ ಗಾಲಿ ಸದ್ದು, ಹಾರ್ನ್, ಡಬ್ಬದ ಭಜನೆ ಎಲ್ಲ ಒಳಗೆ ಬರುತ್ತದೆ. ಆಗ ಕೈ ತಾನಾಗಿ ವಾಲ್ಯೂಮ್‌ಗೆ ಹೋಗುತ್ತದೆ. ರಬ್ಬರ್ ತುದಿಯ, ಕಿವಿಯೊಳಗೆ ಕೂರುವಂಥದ್ದನ್ನು ಸರಿಯಾದ ಅಳತೆಗೆ ಹಾಕಿದರೆ ಅರ್ಧ ಸೌಂಡ್ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ನಮ್ಮ ಡೊಂಬಿವಲಿಯವರಿಗೆ ಅದು ಎರಡು ದಿನದ ಹೋಗಿಬರುವಿಕೆಗೂ ಸಾಲದು. ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಅವತ್ತು ಜಾಸ್ತಿಯಾಯಿತು ಅಂತ ತಿಳಿಯಿರಿ.

ಹಳಿ ದಾಟುವಾಗ, ಪ್ಲಾಟ್‌ಫಾರ್ಮ್ ಅಂಚಿನಲ್ಲಿ, ಬಾಗಿಲಲ್ಲಿ ನಿಂತಾಗ ಎರಡೂ ಕಿವಿ ತೆರೆದಿರಲಿ. ಹಳಿ ದಾಟಲೇ ಬಾರದು ಅನ್ನಿ. ಆದರೂ ದಾಟುವವರನ್ನು ದಿನಾ ನೋಡುತ್ತೇನೆ, ಅದಕ್ಕೆ ಬರೆದೆ.

ಟ್ರೇನ್ ಅಷ್ಟು ಅಲುಗಾಡುತ್ತೆ, ಒಳಗಿನ ಹಾರ್ಡ್ ಡಿಸ್ಕ್‌ಗೆ ಏನೂ ಆಗಲ್ವಾ?

ಆಗದ ಹಾಗೆ ಒಂದು ಜಾಣತನ ಮಾಡಿದ್ದಾರೆ. ಡಿಸ್ಕ್ ಯಾವಾಗಲೂ ತಿರುಗುತ್ತಿರುವುದಿಲ್ಲ. ಒಮ್ಮೆ ತಿರುಗಿ ಮುಂದಿನ ಕೆಲವು ಹಾಡನ್ನು ಒಳಗಿನ ಮೆಮೊರಿಗೆ ಎತ್ತಿಟ್ಟು ಮಲಗುತ್ತದೆ. ಮೊದಲ ಐಪಾಡ್‌ನಲ್ಲೇ ಇದಕ್ಕೆ 32 ಎಂಬಿ ಇತ್ತು, ಇಪ್ಪತ್ತು ನಿಮಿಷ ನಡೆಯುತ್ತಿತ್ತು. ನೂಕುನುಗ್ಗಲಿನಲ್ಲಿ ಹಾಡು ತಡವರಿಸದೆ ಇರುವುದು ಅದಕ್ಕೇ.

ವಿಡಿಯೊ ಆದರೆ ಆ ಮೆಮೊರಿ ಬೇಗ ಖಾಲಿ. ಡಿಸ್ಕ್ ಪದೇ ಪದೇ ಏಳಬೇಕು, ಸ್ಕ್ರೀನ್ ಬೆಳಕೂ ಬೇಕು. 2005ರ 30 ಜಿಬಿ ಐಪಾಡ್‌ಗೆ ಕಂಪನಿಯೇ ಕೊಟ್ಟ ಲೆಕ್ಕ ನೋಡಿ: ಹಾಡಾದರೆ 14 ಗಂಟೆ, ವಿಡಿಯೊ ಆದರೆ ಎರಡು ಗಂಟೆ. ಹಾಡಿನಲ್ಲೂ ಒಂದೊಂದನ್ನು ಅರ್ಧಕ್ಕೇ ಹಾರಿಸುತ್ತಾ ಹೋದರೆ ಡಿಸ್ಕ್ ಮತ್ತೆ ಮತ್ತೆ ಎದ್ದು ಬ್ಯಾಟರಿ ತಿನ್ನುತ್ತದೆ. ಅವಸರದವರಿಗೆ ಹೇಳಿಮಾಡಿಸಿದ ವಸ್ತು ಅಲ್ಲ ಇದು.

ಬಿದ್ದರೆ ಮಾತ್ರ ಕಷ್ಟ, ಅದರಲ್ಲೂ ತಿರುಗುತ್ತಿರುವಾಗ. ದಾದರ್‌ನಲ್ಲಿ ಇಳಿಯುವ ಮುಂಚೆ ಒಳಜೇಬಿಗೆ ಹಾಕಿ. ದಾದರ್‌ನಲ್ಲಿ ನಾವು ಇಳಿಯುವುದಲ್ಲ, ಇಳಿಸುತ್ತಾರೆ.

ಮಳೆಗಾಲದಲ್ಲಿ?

ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಳಗೆ ಹೊಸ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಇಷ್ಟೇ. ಒದ್ದೆಯಾದರೆ ಆನ್ ಆಗುತ್ತದಾ ಅಂತ ನೋಡುವ ಚಪಲ ಬೇಡ, ಚಾರ್ಜಿಗೂ ಹಾಕಬೇಡಿ. ಆಫ್ ಮಾಡಿ, ಒರೆಸಿ, ಫ್ಯಾನಿನ ಗಾಳಿಗೆ ಎರಡು ದಿನ ಬಿಡಿ. ಅಕ್ಕಿಯಲ್ಲಿ ಹೂತಿಟ್ಟರೆ ಪಿನ್ನಿನೊಳಗೆ ಹಿಟ್ಟು ಸೇರುತ್ತದೆ. ಅನ್ನವೂ ಹಾಳು.

ಕಳ್ಳರ ಭಯ ಇಲ್ವಾ?

ಬಾಗಿಲಲ್ಲಿ ನಿಂತವರ ಕೈಗೆ ಕೋಲಿನಿಂದ ಹೊಡೆದು ಬೀಳಿಸುವವರು ಇದ್ದಾರೆ, ಅವರಿಗೆ ಮೊಬೈಲೋ ಪ್ಲೇಯರೋ ಅಂತ ಗೊತ್ತಾಗುವುದಿಲ್ಲ. ಒಮ್ಮೆ ನನ್ನ ಜೇಬಿಗೆ ಕೈ ಬಿದ್ದಿತ್ತು. ಕುರ್ಲಾದಲ್ಲಿ ಪರ್ಸ್ ಹೋಯಿತು, ಪ್ಲೇಯರ್ ಉಳಿಯಿತು. ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಇಷ್ಟು ಪುಟ್ಟ ಸ್ಕ್ರೀನಲ್ಲಿ ಸಿನಿಮಾ ನೋಡೋಕಾಗುತ್ತಾ?

ಎರಡೂವರೆ ಇಂಚು. ಹೀರೋ ಮುಖ ಕಡಲೆಬೇಳೆಯಷ್ಟು. ಇಡೀ ಸಿನಿಮಾ ನಾನು ನೋಡಿದ್ದು ಎರಡೋ ಮೂರೋ. ಕಣ್ಣು ಉರಿಯಿತು, ಜೊತೆಗೆ ಎದುರಿಗೆ ನಿಂತವರೂ ಬಗ್ಗಿ ನೋಡಿ "ಇದ್ಯಾವ ಪಿಕ್ಚರ್" ಅಂದರು.

ಆದರೆ ಮದುವೆ ವಿಡಿಯೊದ ತುಣುಕು, ಊರಿನ ಹಬ್ಬ, ಮಗಳು ಮೊದಲ ಸಲ ನಡೆದದ್ದು, ಇಂಥ ಎರಡು ಮೂರು ನಿಮಿಷದ್ದಕ್ಕೆ ಧಾರಾಳ ಸಾಕು. ಬಣ್ಣದ ವೇಷದ ಕುಣಿತ ಕೂಡ ಚೆನ್ನಾಗಿ ಕಾಣುತ್ತದೆ, ಕಿರೀಟವೇ ಅರ್ಧ ಸ್ಕ್ರೀನ್ ತುಂಬುತ್ತದಲ್ಲ.

## ತುಂಬಿಸುವ ಕೆಲಸ

ಅಪ್ಪನ ಹಳೇ ಕ್ಯಾಸೆಟ್ ಇವೆ. ಇದಕ್ಕೆ ಹಾಕೋದು ಹೇಗೆ?

ನನಗೆ ತುಂಬಾ ಇಷ್ಟದ ಪ್ರಶ್ನೆ. ಕೂತು ಓದಿ.

ನಮ್ಮಪ್ಪ ಕುಂದಾಪುರದ ಕಡೆಯವರು. ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಊರಿನ ಮೇಳ ಬಂದಾಗ, ಹಾಲ್‌ನಲ್ಲಿ ತಾಳಮದ್ದಳೆ ಆದಾಗ ರಜೆ ಹಾಕಿ ಟೂ-ಇನ್-ಒನ್ ಹೊತ್ತು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹಾಗೆ ಉಳಿದದ್ದು ನಲವತ್ತೊಂದು ಕ್ಯಾಸೆಟ್, ಒಂದು ಬಿಸ್ಕತ್ ಡಬ್ಬದಲ್ಲಿ.

ಮೊದಲು ಕ್ಯಾಸೆಟನ್ನು ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ಬೂಷ್ಟು. ಮುಂಬಯಿಯ ಹವೆಗೆ ಇದು ಸಾಮಾನ್ಯ. ಅದನ್ನು ಹಾಗೇ ಹಾಕಿದರೆ ಪ್ಲೇಯರ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅಂಥವನ್ನು ಬೇರೆ ಇಡಿ, ಗೊತ್ತಿರುವವರ ಕೈಗೆ ಕೊಡಿ. ಉಳಿದದ್ದನ್ನು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಮತ್ತೆ ಹಿಂದೆ ಸುತ್ತಿ. ವರ್ಷಗಟ್ಟಲೆ ಅಂಟಿ ಕೂತ ಸುರುಳಿ ಸಡಿಲವಾಗುತ್ತದೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಲ್ಲಿ ಒರೆಸಿ. ಕಂದು ಬಣ್ಣ ಬರುತ್ತದೆ. ಬರದಾಗುವವರೆಗೆ ಒರೆಸಿ.

ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಎರಡೂ ಕಡೆ 3.5 ಎಂಎಂ ಪಿನ್ ಇರುವ ವಯರ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಲೈನ್-ಇನ್ ಇರುವುದಿಲ್ಲ. ಲೈನ್-ಇನ್ ಇರುವ ಯುಎಸ್‌ಬಿ ಆಡಿಯೊ ಅಡಾಪ್ಟರ್ ಕೇಳಿ ತೆಗೆದುಕೊಳ್ಳಿ. ಪ್ರೋಗ್ರಾಂ ಆಡಾಸಿಟಿ ಸಾಕು, ಪುಕ್ಕಟೆ. ಅದರಲ್ಲಿ ರೆಕಾರ್ಡಿಂಗ್ ಸೆಟ್ಟಿಂಗ್ 44.1 ಕಿಲೋಹರ್ಟ್ಸ್, 16 ಬಿಟ್ ಇರಲಿ.

ಈಗ ಮುಖ್ಯ ವಿಷಯ. ಲೆವೆಲ್ಲನ್ನು ಭಾಗವತರ ಧ್ವನಿಗೆ ಇಡಬೇಡಿ, ಚೆಂಡೆಗೆ ಇಡಿ. ಮೊದಲ ಐದು ಕ್ಯಾಸೆಟ್ ನಾನು ಪದ ಕೇಳಿ ಲೆವೆಲ್ ಇಟ್ಟು ಕೆಡಿಸಿದೆ. ಪದದ ಹೊತ್ತಿಗೆ ಮೀಟರ್ ಹಸಿರಿನಲ್ಲಿ ಮೆಲ್ಲಗೆ ಆಡುತ್ತಿತ್ತು. ಚೆಂಡೆಯ ಮೊದಲ ಪೆಟ್ಟಿಗೇ ಕೆಂಪಿಗೆ ಹಾರಿ ಅಲ್ಲೇ ನಿಂತಿತು. ಆಮೇಲೆ ಕೇಳಿದರೆ ಚೆಂಡೆ ಅಲ್ಲ, ತಗಡಿನ ಮೇಲೆ ಕಲ್ಲು. ಹಾಗೆ ಒಡೆದ ಧ್ವನಿಯನ್ನು ಆಮೇಲೆ ಏನು ಮಾಡಿದರೂ ಸರಿ ಮಾಡಲಾಗುವುದಿಲ್ಲ. ಕ್ಯಾಸೆಟ್ಟಿನಲ್ಲಿ ಚೆಂಡೆ ಜೋರಿರುವ ಜಾಗ ಹುಡುಕಿ, ಅಲ್ಲಿ ಮೀಟರ್ ಮೈನಸ್ ಆರು ಡೆಸಿಬಲ್‌ನ ಹತ್ತಿರ ನಿಲ್ಲುವಂತೆ ಇಟ್ಟು, ಆಮೇಲೆ ಮೊದಲಿಂದ ಶುರುಮಾಡಿ.

ವೇಗ ಮಾಡಲು ದಾರಿ ಇಲ್ಲ. ಸಿ-90 ಕ್ಯಾಸೆಟ್ ಅಂದರೆ ಒಂದು ಬದಿಗೆ 45 ನಿಮಿಷ, ಕೂರಲೇಬೇಕು. ನಾನು ಭಾನುವಾರಕ್ಕೆ ಎರಡರಂತೆ ಮಾಡಿದೆ. ಹದಿನೇಳನೇ ಕ್ಯಾಸೆಟ್ಟಿನ ಬಿ ಬದಿಯಲ್ಲಿ ತಾಳಮದ್ದಳೆ ಅರ್ಧಕ್ಕೇ ನಿಂತು, ಕುಕ್ಕರ್ ಕೂಗು ಕೇಳಿಸಿತು. ಆಮೇಲೆ ಅಮ್ಮ, "ಅದು ಆನ್ ಇತ್ತಾ ಹೇಂಗೆ?" ಅಂದರು. ಅಪ್ಪ ನಕ್ಕರು. ಅಲ್ಲಿಗೆ ಕಟ್. ಹನ್ನೊಂದು ಸೆಕೆಂಡ್. ಯಾರೋ ದೊಡ್ಡ ಅರ್ಥಧಾರಿಯ (ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವವರು) ಮಾತಿನ ಮೇಲೆ ತಪ್ಪಿ ರೆಕಾರ್ಡ್ ಆದದ್ದು. ಅದನ್ನು ಬೇರೆ ಫೈಲ್ ಮಾಡಿ ಇಟ್ಟಿದ್ದೇನೆ.

ಮೂಲವನ್ನು ವೇವ್ ಅಥವಾ ಫ್ಲ್ಯಾಕ್ (ಎರಡೂ ಧ್ವನಿ ಏನೂ ಕಳೆಯದ ಫೈಲ್ ಬಗೆ) ಆಗಿ ಎರಡು ಕಡೆ ಉಳಿಸಿ. ಪ್ಲೇಯರ್‌ಗೆ ಎಂಪಿ3 ಪ್ರತಿ ಸಾಕು. "ನಾಯ್ಸ್ ತೆಗೆಯುವ" ಆಟ ಜಾಸ್ತಿ ಬೇಡ, ಸರಸರ ಹೋಗುವಾಗ ತಾಳದ ನಾದವೂ ಹೋಗುತ್ತದೆ. ಕ್ಯಾಸೆಟ್ ಎಸೆಯಬೇಡಿ.

ಕನ್ನಡ ಹೆಸರೆಲ್ಲ ಚೌಕ ಚೌಕ ಕಾಣುತ್ತೆ

ಪ್ಲೇಯರಿನಲ್ಲಿ ಕನ್ನಡ ಅಕ್ಷರ ಇಲ್ಲ. ಅಕ್ಷರ ಇದ್ದರೂ ಒತ್ತು, ಗುಣಿತ ಸರಿಯಾಗಿ ಕೂರಿಸುವ ಬುದ್ಧಿ ಬೇರೆ ಬೇಕು. ಇಲ್ಲದಿದ್ದರೆ "ಕೃಷ್ಣ" ಒಡೆದು ನಾಲ್ಕು ತುಂಡು. ಹಳೆಯದರಲ್ಲಿ ಅದಕ್ಕೆ ಮದ್ದಿಲ್ಲ. ಆಂಡ್ರಾಯ್ಡ್ ಮೇಲೆ ನಡೆಯುವ ಹೊಸ ಪ್ಲೇಯರ್‌ಗಳಲ್ಲಿ ಈ ತೊಂದರೆ ಇಲ್ಲ.

ನಾನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೇನೆ. ಒಂದು ನಿಯಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಬ್ಬರೇ ಭಾಗವತರು ಮೂರು ಸ್ಪೆಲ್ಲಿಂಗ್‌ನಲ್ಲಿ ಮೂರು ಜನ ಆಗುತ್ತಾರೆ. ಫೈಲ್ ಹೆಸರು ಬದಲಿಸಿದರೆ ಸಾಲದು. ಹಾಡಿನೊಳಗೆ ಟ್ಯಾಗ್ ಅಂತ ಇರುತ್ತದೆ, ಹೆಚ್ಚಿನ ಪ್ಲೇಯರ್ ತೋರಿಸುವುದು ಅದನ್ನೇ. ಹಾಡುಗಾರರ ಜಾಗದಲ್ಲಿ ಭಾಗವತರು, ಆಲ್ಬಮ್ ಜಾಗದಲ್ಲಿ ಪ್ರಸಂಗ ಮತ್ತು ವರ್ಷ, ಟ್ರ್ಯಾಕ್ ನಂಬರ್ ಜಾಗದಲ್ಲಿ ಕ್ಯಾಸೆಟ್ಟಿನ ಬದಿ. ನಂಬರ್ ಹಾಕದಿದ್ದರೆ ಅಕ್ಷರದ ಸಾಲಿನಲ್ಲಿ ಬಂದು, ಯುದ್ಧ ಮುಗಿದ ಮೇಲೆ ಸಂಧಾನ ಶುರುವಾಗುತ್ತದೆ.

ವಿಡಿಯೊ ಕಾಪಿ ಮಾಡಿದೆ. ಹೆಸರು ಕಾಣುತ್ತೆ, ಓಡ್ತಾ ಇಲ್ಲ

ಬುತ್ತಿ ಸರಿ, ಒಳಗಿನ ಊಟ ಒಗ್ಗಿಲ್ಲ. ಹಳೆಯ ಪ್ಲೇಯರ್‌ಗಳಿಗೆ ದೊಡ್ಡ ಚಿತ್ರ ಬಿಡಿಸುವ ಶಕ್ತಿ ಇಲ್ಲ. ಐಪಾಡ್ ಕ್ಲಾಸಿಕ್ ಆದರೆ ಎಚ್.264 ಅನ್ನುವ ವಿಡಿಯೊ ಬಗೆ, ಹೆಚ್ಚೆಂದರೆ 640×480. ಸ್ಕ್ರೀನ್ ಇರುವುದೇ 320×240. ಮೊಬೈಲ್‌ನಲ್ಲಿ ತೆಗೆದದ್ದನ್ನು ಹಾಗೇ ತುರುಕಿದರೆ ಆಗುವುದಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಪ್ರೋಗ್ರಾಂನಲ್ಲಿ ಅಳತೆ ಇಳಿಸಿ, ಪ್ರೊಫೈಲ್ ಅನ್ನುವಲ್ಲಿ ಬೇಸ್‌ಲೈನ್ ಆರಿಸಿ.

ಅಗ್ಗದ ಚೀನಾ ಪ್ಲೇಯರ್ ಆದರೆ ಎಎಂವಿ ಅನ್ನುವ ಅದರದ್ದೇ ಬಗೆ ಬೇಕಾಗಬಹುದು. ಅದರ ಜೊತೆ ಪುಟ್ಟ ಸಿಡಿ ಕೊಟ್ಟಿರುತ್ತಾರೆ. ಎಸೆಯಬೇಡಿ.

128ಆ, 320ಆ, ಫ್ಲ್ಯಾಕಾ?

ಸಿಡಿಯಿಂದ ತೆಗೆದ ಹಾಡಾದರೆ 256 ಅಥವಾ 320. ಕ್ಯಾಸೆಟ್ಟಿನ ಮಾತುಗಾರಿಕೆಗೆ 128 ಧಾರಾಳ. ಫ್ಲ್ಯಾಕ್‌ನಲ್ಲಿ ಏನೂ ಕಳೆಯುವುದಿಲ್ಲ, ಮನೆಯಲ್ಲಿ ಉಳಿಸಿಡಲು ಅದೇ ಒಳ್ಳೆಯದು. ಲೋಕಲ್‌ನ ಜನರಲ್ ಡಬ್ಬದಲ್ಲಿ ನಿಂತು 320ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಕೇಳಿಸುತ್ತದೆ ಅನ್ನುವವರಿಗೆ ನನ್ನ ದೊಡ್ಡ ನಮಸ್ಕಾರ. ಇನ್ನೊಂದು: 128ರದ್ದನ್ನು 320ಕ್ಕೆ ಬದಲಿಸಿದರೆ ಫೈಲ್ ದಪ್ಪವಾಗುತ್ತದೆ, ಹಾಡು ಆಗುವುದಿಲ್ಲ. ಮಜ್ಜಿಗೆಯನ್ನು ಹಾಲಿನ ಪಾತ್ರೆಗೆ ಹೊಯ್ದ ಹಾಗೆ.

ಇದೆಲ್ಲ ಕಾನೂನಿಗೆ ಸರಿನಾ?

ನಾನು ವಕೀಲ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಖಾಸಗಿ ಬಳಕೆಗೆ ಸ್ವಲ್ಪ ಸಡಿಲ ಇದೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ನಾನು ಪಾಲಿಸುವುದು ಇಷ್ಟು: ಕೊಂಡ ಸಿಡಿ, ಮನೆಯ ಕ್ಯಾಸೆಟ್ ನನ್ನ ಕಿವಿಗೆ ಮಾತ್ರ. ಪೆನ್ ಡ್ರೈವ್‌ಗೆ ತುಂಬಿಸಿ ಹಂಚುವುದಿಲ್ಲ, ಮಾರುವುದಂತೂ ಇಲ್ಲ. ಕಲಾವಿದರ ಮನೆಯವರು ಕೇಳಿದರೆ ಕೂಡಲೇ ಪ್ರತಿ ಮಾಡಿ ಕೊಡುತ್ತೇನೆ, ಅದು ಅವರದ್ದೇ.

## ಬಿಚ್ಚುವ ಧೈರ್ಯ ಇರುವವರಿಗೆ

ಬ್ಯಾಟರಿ ಒಂದು ಗಂಟೆಯೂ ಬರ್ತಿಲ್ಲ

ವಯಸ್ಸಾಯಿತು, ಬದಲಿಸಬೇಕು. ಲಿಥಿಯಂ ಬ್ಯಾಟರಿ ಬಳಸದಿದ್ದರೂ ಸವೆಯುತ್ತದೆ. "ಹೊಸ ಹಳೇ ಸ್ಟಾಕ್" ಅಂತ ಹತ್ತು ವರ್ಷದ ಹಿಂದಿನ ಬ್ಯಾಟರಿ ಮಾರುವವರನ್ನು ದೂರವಿಡಿ. ತಿಂಗಳುಗಟ್ಟಲೆ ಪ್ಲೇಯರ್ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ. ಪೂರ್ತಿ ತುಂಬಿಸಿಯೂ ಬೇಡ, ಬರಿದು ಮಾಡಿಯೂ ಬೇಡ.

ಊದಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಲೇಬೇಡಿ, ಬೆಂಕಿ ಹಿಡಿಯುತ್ತದೆ. ಬಿಚ್ಚಲು ಸ್ಕ್ರೂಡ್ರೈವರ್ ಅಲ್ಲ, ತೆಳು ಪ್ಲಾಸ್ಟಿಕ್ ಪಟ್ಟಿ ಬೇಕು. ಮೊದಲ ಸಲ ನಾನು ಅಡುಗೆಮನೆಯ ಚಾಕು ತಂದೆ. ಸ್ಕ್ರೀನಿನ ರಿಬ್ಬನ್ ವಯರ್ ಹರಿಯಿತು, ಚಾಕು ತುದಿ ಮುರಿಯಿತು. ಮನೆಯಲ್ಲಿ ಹೆಚ್ಚು ಮಾತಾದದ್ದು ಚಾಕುವಿನ ಬಗ್ಗೆ. ಹಳೆಯ ಬ್ಯಾಟರಿ ಕಸದ ಡಬ್ಬಿಗೆ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ. ಮುಗೀತಾ?

ಡಿಸ್ಕ್ ಮುಗಿಯಿತು, ಪ್ಲೇಯರ್ ಅಲ್ಲ. ಕೂಡಲೇ ಆಫ್ ಮಾಡಿ, ಒಳಗಿನದ್ದಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ ಪದೇ ಪದೇ ಆನ್ ಮಾಡಬೇಡಿ. ಆ 1.8 ಇಂಚಿನ ಡಿಸ್ಕ್ ಇದ್ದ ಜಾಗಕ್ಕೆ ಮೆಮೊರಿ ಕಾರ್ಡ್ ಕೂರುವ ಅಡಾಪ್ಟರ್‌ಗಳು ಸಿಗುತ್ತವೆ. ನನ್ನದಕ್ಕೆ 2019ರಲ್ಲಿ ಹಾಕಿದೆ. ತೂಕ ಇಳಿಯಿತು, ಬ್ಯಾಟರಿ ಹೆಚ್ಚು ಹೊತ್ತು ಬಂತು, ಬಿದ್ದರೂ ಎದೆ ಧಸಕ್ ಅನ್ನುವುದಿಲ್ಲ. ಆ ಜುಂಯ್ ಸದ್ದು ಮಾತ್ರ ಹೋಯಿತು. ಒಂದು ವಾರ ಅದು ಸತ್ತುಹೋಗಿದೆ ಅಂತಲೇ ಅನ್ನಿಸುತ್ತಿತ್ತು.

ಪ್ಲೇಯರಿನ ಸ್ವಂತ ತಂತ್ರಾಂಶದ ಬದಲು ಹಾಕುವ ರಾಕ್‌ಬಾಕ್ಸ್ ಅನ್ನುವ ಪುಕ್ಕಟೆ ತಂತ್ರಾಂಶ ಹಲವು ಹಳೆಯ ಪ್ಲೇಯರ್‌ಗಳಿಗೆ ಹೊಂದುತ್ತದೆ. 2001ರಲ್ಲಿ ಆರ್ಕೋಸ್ ಪ್ಲೇಯರ್‌ಗಾಗಿ ಶುರುವಾದದ್ದು. ಫ್ಲ್ಯಾಕ್ ಬರುತ್ತದೆ, ಫೋಲ್ಡರ್ ಎಳೆದು ಹಾಕಿದರೆ ಸಾಕು. ನಿಮ್ಮ ಮಾದರಿ ಅದರ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ಕೈಹಾಕಿ.

ಕಂಪ್ಯೂಟರ್ ಹಾಳಾಯ್ತು. ಐಪಾಡ್‌ನಲ್ಲಿರೋ ಹಾಡು ಹೊರಗೆ ತೆಗೆಯೋಕಾಗುತ್ತಾ?

ಆಗುತ್ತದೆ, ಆದರೆ ಹೊಸ ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ (ಐಪಾಡ್‌ಗೆ ಹಾಡು ತುಂಬಿಸುವ ಆಪಲ್ ಪ್ರೋಗ್ರಾಂ) "ಅಳಿಸಿ ಹೊಸದಾಗಿ ತುಂಬಿಸಲಾ" ಅಂತ ಕೇಳಿದರೆ ಹೂಂ ಅನ್ನಬೇಡಿ. ಅಲ್ಲಿ ಹೂಂ ಅಂದು ಅತ್ತವರು ನನಗೆ ಮೂವರು ಗೊತ್ತು. ಹಾಡುಗಳು ಅಡಗಿದ ಫೋಲ್ಡರ್‌ನಲ್ಲಿ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಿನಲ್ಲಿ ಇರುತ್ತವೆ. ಅಡಗಿದ ಫೈಲ್ ತೋರಿಸುವಂತೆ ಮಾಡಿ ಎಲ್ಲ ಎತ್ತಿಕೊಳ್ಳಿ. ಹೆಸರು ಹೋದರೂ ಟ್ಯಾಗ್ ಒಳಗೇ ಇರುತ್ತದೆ, ಟ್ಯಾಗ್ ನೋಡಿ ಹೆಸರಿಡುವ ಪ್ರೋಗ್ರಾಂ ಉಳಿದದ್ದು ಮಾಡುತ್ತದೆ.

ಬ್ಲೂಟೂತ್ ಇಯರ್‌ಬಡ್ ಸೇರಿಸಬಹುದಾ?

ಇಯರ್‌ಫೋನ್ ತೂತಿಗೆ ಚುಚ್ಚುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಗುತ್ತದೆ. ಕೆಲಸ ಮಾಡುತ್ತದೆ. ಅದಕ್ಕೂ ಚಾರ್ಜ್, ಇಯರ್‌ಬಡ್‌ಗೂ ಚಾರ್ಜ್, ಡಬ್ಬಿಗೂ ಚಾರ್ಜ್. ನಾನು ವಯರೇ ಹಾಕುತ್ತೇನೆ.

ನಿಮ್ಮದನ್ನು ಮಾರ್ತೀರಾ?

ಇಲ್ಲ. ಒಳಗಿರುವುದನ್ನು ಕಾಪಿ ಮಾಡಿಕೊಡಿ ಅಂದರೆ ಹನ್ನೊಂದು ಸೆಕೆಂಡ್ ಬಿಟ್ಟು ಉಳಿದದ್ದನ್ನು ಕೂತು ಕೇಳಿಸುತ್ತೇನೆ. ಮಗಳು ಕಳೆದ ತಿಂಗಳು ಕೇಳದೆ ಎತ್ತಿಕೊಂಡು ಹೋಗಿ ತನ್ನ ಮೂರು ಹಾಡು ಹಾಕಿಕೊಂಡಿದ್ದಾಳೆ. ಈಗ ಮುಲುಂಡ್ ದಾಟುವಾಗ ಸಂಧಾನದ ನಡುವೆ ಯಾರೋ ಕೊರಿಯನ್ ಹುಡುಗರು ಹಾಡುತ್ತಾರೆ. ಟ್ರ್ಯಾಕ್ ನಂಬರ್ ಹಾಕಿಲ್ಲ ಅವಳು.